ಸವಳು ನೀರು, ನುಸಿ ಹಿಡಿದ ಜೋಳ, ಮಗಳ ಭಿನ್ನರಾಶಿ: ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ?

ಕೇಳಿದವರು: ಬಾಗಲಕೋಟೆ ನವನಗರದ ಗೃಹಿಣಿ

ನಮಸ್ಕಾರ ರೀ. ಸಣ್ಣ ಸಣ್ಣ ವಿಷಯಗಳೇ, ಆದರೆ ದಿನಾ ತಲೆ ತಿನ್ನುತ್ತಿವೆ. ಅತ್ತೆ ಒಂದು ಹೇಳುತ್ತಾರೆ, ನಾದಿನಿ ಇನ್ನೊಂದು ಹೇಳುತ್ತಾಳೆ, ಮೊಬೈಲ್ ಮೂರನೆಯದು ಹೇಳುತ್ತದೆ. ಅದಕ್ಕೆ ನಿಮ್ಮನ್ನು ಕೇಳೋಣ ಅನಿಸಿತು.

ಬಳಕೆಗೆ ನಮ್ಮದು ಬೋರಿನ ನೀರು. ತೊಗರಿ ಬೇಳೆ ಎಷ್ಟು ಸೀಟಿ ಹೊಡೆಸಿದರೂ ಕರಗುವುದಿಲ್ಲ. ನಳದ ಬಾಯಿಗೆ ಬಿಳಿ ಪದರ ಕಟ್ಟಿದೆ. ಗೀಸರಿನ ಕಾಯಿಲ್ ಹೊಸದು ಹಾಕಿಸಿದರೂ ಮತ್ತೆ ಸುಟ್ಟಿತು. ಸುಗ್ಗಿಯಲ್ಲಿ ತಂದ ಬಿಳಿಜೋಳದ ಚೀಲಕ್ಕೆ ನುಸಿ ಹಿಡಿದಿದೆ. ಚೀಲದಲ್ಲಿ ಗುಳಿಗೆ ಇಡಿ ಎಂದು ಪಕ್ಕದವರು ಹೇಳಿದರು. ಇದೆಲ್ಲಕ್ಕಿಂತ ಜಾಸ್ತಿ ಚಿಂತೆ ಮಗಳ ಹೋಂವರ್ಕಿನದು. ಐದನೇ ತರಗತಿ, ಇಂಗ್ಲಿಷ್ ಮೀಡಿಯಂ. ನಾನು ಓದಿದ್ದು ಕನ್ನಡ ಮೀಡಿಯಂ. ಭಿನ್ನರಾಶಿ ಲೆಕ್ಕ ಬಂತೆಂದರೆ ಸಂಜೆ ಮನೆಯಲ್ಲಿ ಜಗಳವೇ. ಅದರ ಮೇಲೆ 'ನಮ್ಮ ಊರು' ಅಂತ ಒಂದು ಪ್ರಾಜೆಕ್ಟ್ ಬೇರೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ವಿಜಯಪುರದಿಂದ

ತಂಗಿ, ಮೊದಲು ಬೇಳೆಯ ವಿಷಯ. ತಪ್ಪು ಬೇಳೆಯದೋ ನೀರಿನದೋ ಗೊತ್ತಾಗದೆ ಏನು ಮಾಡಿದರೂ ಸುಮ್ನೆ ಗ್ಯಾಸ್ ಖರ್ಚು. ಒಂದೇ ಡಬ್ಬಿಯ ಬೇಳೆಯನ್ನು ಎರಡು ಬಟ್ಟಲಿಗೆ ಹಾಕಿ. ಒಂದಕ್ಕೆ ಬೋರಿನ ನೀರು, ಇನ್ನೊಂದಕ್ಕೆ ಕುಡಿಯುವ ಸಿಹಿನೀರು. ಎರಡನ್ನೂ ಒಂದೇ ಕುಕ್ಕರಿನಲ್ಲಿ ಇಟ್ಟು ಬೇಯಿಸಿ. ಸಿಹಿನೀರಿನ ಬೇಳೆ ಬೆಂದು ಬೋರಿನದು ಹಾಗೇ ಉಳಿದರೆ ನೀರಿನದೇ ದೋಷ. ಎರಡೂ ಬೇಯದಿದ್ದರೆ ಬೇಳೆ ಹಳೆಯದು. ಆಗ ನೀರಿಗೆ ಎಷ್ಟು ಉಪಚಾರ ಮಾಡಿದರೂ ಉಪಯೋಗವಿಲ್ಲ.

ಸವಳು ನೀರಿನಲ್ಲಿ ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ ಜಾಸ್ತಿ ಇರುತ್ತದೆ. ಬೇಳೆಯನ್ನು ಒಳಗಿನಿಂದ ಹಿಡಿದಿಡುವ ಪೆಕ್ಟಿನ್ ಎಂಬ ಅಂಟು ಇದೆಯಲ್ಲ, ಕ್ಯಾಲ್ಸಿಯಂ ಅದನ್ನು ಗಟ್ಟಿ ಮಾಡುತ್ತದೆ. ಅದಕ್ಕೇ ಬೇಳೆ ಒಡೆಯುವುದಿಲ್ಲ. ಬೇಳೆ ನೆನೆಸಲು, ಬೇಯಿಸಲು ಸಿಹಿನೀರು ಬಳಸಿ, ತೊಳೆಯಲು ಬೋರಿನ ನೀರು ಸಾಕು. ಸಿಹಿನೀರು ಇಲ್ಲದ ದಿನ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ. ಚಿಟಿಕೆ ಎಂದರೆ ಚಿಟಿಕೆಯೇ. ಜಾಸ್ತಿ ಆದರೆ ಸಾಬೂನಿನ ವಾಸನೆ ಬರುತ್ತದೆ, ಬೇಳೆಯ ಬಿ1 ಜೀವಸತ್ವವೂ ಹಾಳಾಗುತ್ತದೆ. ಹುಣಸೆಹುಳಿ, ಟೊಮೆಟೊ ಬೇಳೆ ಬೆಂದ ಮೇಲೆಯೇ ಹಾಕಿ. ಹುಳಿ ಮೊದಲೇ ಬಿದ್ದರೆ ಬೇಳೆ ಬೇಯಲು ತಡ ಆಗುತ್ತದೆ.

ಟಾಕಿಗೆ ಪಟಿಕ ಹಾಕಿದರೆ ಸವಳು ಹೋಗುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಹೋಗುವುದಿಲ್ಲ. ಪಟಿಕದಿಂದ ಕೆಸರು ತಳಕ್ಕೆ ಕೂರುತ್ತದೆ, ನೀರಿನಲ್ಲಿ ಕರಗಿದ ಉಪ್ಪು ಹಾಗೇ ಇರುತ್ತದೆ. ಕುದಿಸಿದರೆ ಸವಳಿನ ಒಂದು ಪಾಲು ಮಾತ್ರ ಹೋಗುತ್ತದೆ. ಪಾತ್ರೆಯ ತಳದಲ್ಲಿ ಬಿಳಿಯಾಗಿ ನಿಲ್ಲುವುದು ಅದೇ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಈ ನೀರನ್ನು ಕುಡಿಯಲೂ ಬಳಸುತ್ತಿದ್ದರೆ ಪರೀಕ್ಷೆ ಮಾಡಿಸಿ. ನಮ್ಮ ಎರಡೂ ಜಿಲ್ಲೆಗಳ ಕೆಲವು ಕಡೆ ಕೊಳವೆಬಾವಿಯಲ್ಲಿ ಫ್ಲೋರೈಡ್ ಜಾಸ್ತಿ ಇದೆ. ಅದಕ್ಕೆ ರುಚಿ ಇಲ್ಲ, ಬಣ್ಣ ಇಲ್ಲ. ಮಕ್ಕಳ ಹಲ್ಲಿಗೆ ಕಲೆ ಬಂದ ಮೇಲೆಯೇ ತಿಳಿಯುವುದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಜಿಲ್ಲಾ ಕೇಂದ್ರದಲ್ಲಿ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯ ಇದೆ, ಅಲ್ಲಿ ವಿಚಾರಿಸಿ. ವರದಿ ಬಂದಾಗ ಮೂರು ಸಾಲು ನೋಡಿ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಹೆಚ್ಚೆಂದರೆ 1.5. ಗಡಸುತನ 200 ಒಳಗೆ, ಹೆಚ್ಚೆಂದರೆ 600. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಒಟ್ಟು ಲವಣ, 500 ಒಳಗೆ, ಹೆಚ್ಚೆಂದರೆ 2000. ಆರ್‌ಓ ಯಂತ್ರ ಬೇಕೋ ಬೇಡವೋ ಎಂಬುದನ್ನು ಆ ಕಾಗದ ನೋಡಿ ನಿರ್ಧಾರ ಮಾಡಿ, ಮಾರುವವನ ಮಾತು ಕೇಳಿ ಅಲ್ಲ.

ಗೋಕಾಕದಿಂದ

ನಳಕ್ಕೆ ನಿಂಬೆಹಣ್ಣಿನ ಹೋಳು ತಿಕ್ಕಿ ಅಕ್ಕಾ. ಇಲ್ಲದಿದ್ದರೆ ವಿನೆಗರಿನಲ್ಲಿ ಬಟ್ಟೆ ಅದ್ದಿ ನಳಕ್ಕೆ ಸುತ್ತಿ ಅರ್ಧ ತಾಸು ಬಿಡಿ. ಗುಳ್ಳೆ ಎದ್ದು ಪದರ ಬಿಡುತ್ತದೆ.

ಬಾದಾಮಿಯಿಂದ

ಗೋಕಾಕದವರು ಹೇಳಿದ್ದು ಸರಿ, ಆದರೆ ಒಂದು ಎಚ್ಚರಿಕೆ. ನಿಮ್ಮ ಬಚ್ಚಲಿಗೆ, ಅಡುಗೆಮನೆಗೆ ಶಹಾಬಾದಿ ಫರ್ಸಿ ಅಥವಾ ಕಡಪಾ ಕಲ್ಲು ಹಾಕಿದ್ದರೆ ನಿಂಬೆರಸ, ವಿನೆಗರ್ ಕೆಳಗೆ ಬೀಳಲು ಬಿಡಬೇಡಿ. ನಳದ ಮೇಲಿನ ಬಿಳಿ ಪದರವೂ ಆ ಕಲ್ಲೂ ಒಂದೇ ಜಾತಿ, ಎರಡರಲ್ಲೂ ಇರುವುದು ಸುಣ್ಣದಂಶ. ಹುಳಿ ಪದರವನ್ನು ತಿನ್ನುವ ಹಾಗೆಯೇ ಫರ್ಸಿಯನ್ನೂ ತಿನ್ನುತ್ತದೆ. ಹೊಳಪು ಹೋದರೆ ಮತ್ತೆ ಪಾಲಿಶ್ ಹಿಡಿಸಬೇಕು. ಕೆಳಗೊಂದು ಬುಟ್ಟಿ ಇಟ್ಟು ಕೆಲಸ ಮಾಡಿ.

ಸಂಡಾಸ ತೊಳೆಯುವ ಆಸಿಡ್ ಅನ್ನು ನಳಕ್ಕೆ ಹಚ್ಚಲೇಬೇಡಿ. ಮೇಲಿನ ಲೇಪನ ಎದ್ದುಹೋಗುತ್ತದೆ. ಆ ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಸೇರಿಸಿದರೆ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ. ಎರಡೂ ಹಾಕಿದರೆ ಜಾಸ್ತಿ ಸ್ವಚ್ಛ ಆಗುತ್ತದೆ ಎಂದು ಯಾರೇ ಹೇಳಿದರೂ ಕೇಳಬೇಡಿ.

ಬೆಳಗಾವಿಯಿಂದ, ವಿದ್ಯುತ್ ಉಪಕರಣ ರಿಪೇರಿ ಮಾಡುವವರು

ಗೀಸರ್ ಬಗ್ಗೆ ಎರಡು ಮಾತು. ನೀರು ಬಿಸಿ ಆದಷ್ಟೂ ಸುಣ್ಣ ಜಾಸ್ತಿ ಕಟ್ಟುತ್ತದೆ. ಥರ್ಮೋಸ್ಟಾಟ್ 50-55 ಡಿಗ್ರಿಗೆ ಇಡಿ, ಜಳಕಕ್ಕೆ ಅಷ್ಟು ಸಾಕು. ಕಾಯಿಲ್ ಮೇಲೆ ಪದರ ಕೂತರೆ ಅದರ ಬಿಸಿ ನೀರಿಗೆ ಹೋಗದೆ ಒಳಗೇ ಉಳಿದು ಕಾಯಿಲ್ ಸುಡುತ್ತದೆ. ಅದಕ್ಕೆ ಸುಟ್ಟ ಮೇಲೆ ಬದಲಿಸುವುದಕ್ಕಿಂತ ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸುವುದು ಅಗ್ಗ. ಟಾಕಿ ಇರುವ ಗೀಸರ್ ಆದರೆ ಒಳಗೆ ಆನೋಡ್ ರಾಡ್ ಇರುತ್ತದೆ. ಟಾಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವ ಸರಳು ಅದು, ಸವಳು ನೀರಿನಲ್ಲಿ ಬೇಗ ಸವೆಯುತ್ತದೆ. ಮೆಕ್ಯಾನಿಕ್ ಬಂದಾಗ ಅದನ್ನೂ ತೋರಿಸು ಎಂದು ಕೇಳಿ. ನೀವೇ ಬಿಚ್ಚಲು ಹೋಗಬೇಡಿ.

ಇಂಡಿ ತಾಲ್ಲೂಕಿನಿಂದ, ರೈತರು

ಜೋಳದ ಬಗ್ಗೆ ನಾನು ಹೇಳುತ್ತೇನೆ ತಂಗಿ. ನಮ್ಮಲ್ಲಿ ಹಿಂಗಾರಿಗೆ ಮಾಲದಂಡಿ ಎಂಬ ತಳಿಯ ಜೋಳ ಬಿತ್ತುತ್ತೇವೆ, ವರ್ಷದ ಕಾಳು ಮನೆಯಲ್ಲೇ ಇಡುತ್ತೇವೆ.

ನುಸಿ ಮೊಟ್ಟೆ ಇಡುವುದು ಕಾಳಿನ ಒಳಗೆ. ನೀವು ಸಾಣಿಗೆ ಹಿಡಿದು ಸೋಸಿದರೆ ಮೇಲಿನ ಹುಳ ಹೋಗುತ್ತದೆ, ಒಳಗಿನದು ಉಳಿಯುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಅದೇ ಗೋಳು. ಅದಕ್ಕೆ ಸೋಸಿದ ಮೇಲೆ ಮಾಳಿಗೆಯ ಮೇಲೆ ತೆಳ್ಳಗೆ ಹರಡಿ ಬಿರುಬಿಸಿಲಿಗೆ ಒಣಗಿಸಿ. ನಡುನಡುವೆ ಕೈಯಾಡಿಸಿ. ಒಂದು ದಿನಕ್ಕೆ ಬಿಡಬೇಡಿ, ಎರಡು ಮೂರು ಬಿಸಿಲು ಕಾಣಿಸಿ. ಕಾಳನ್ನು ಹಲ್ಲಲ್ಲಿ ಕಡಿದರೆ ಕಟ್ ಎಂದು ಒಡೆಯಬೇಕು. ತೇವ ಶೇ. 12ರ ಒಳಗೆ ಬಂದರೆ ಹುಳದ ಕಾಟ ಬಹಳ ಕಡಿಮೆ.

ಬಿಸಿ ಕಾಳನ್ನು ಹಾಗೇ ಡಬ್ಬಿಗೆ ತುಂಬಬೇಡಿ. ಆರಿದ ಮೇಲೆ ತುಂಬಿ, ಇಲ್ಲವಾದರೆ ಮುಚ್ಚಳಕ್ಕೆ ಬೆವರು ಕಟ್ಟಿ ಬೂಸು ಹಿಡಿಯುತ್ತದೆ. ಹಿಂದೆ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಾಳಿನ ಗುಂಡಿಯಲ್ಲಿ, ಜೋಳ ವರ್ಷಗಟ್ಟಲೆ ಉಳಿಯುತ್ತಿತ್ತು. ಬಾಯಿ ಭದ್ರವಾಗಿ ಮುಚ್ಚಿದ ಹಗೇವಿನಲ್ಲಿ ಹುಳಕ್ಕೆ ಉಸಿರಾಡಲು ಗಾಳಿ ಇರುತ್ತಿರಲಿಲ್ಲ. ಈಗ ಆ ಕೆಲಸವನ್ನು ಬಿಗಿ ಮುಚ್ಚಳದ ಡ್ರಮ್ ಮಾಡುತ್ತದೆ. ಡ್ರಮ್ ತುಂಬ ತುಂಬಬೇಕು, ಅರ್ಧ ಖಾಲಿ ಬಿಟ್ಟರೆ ಗಾಳಿ ಉಳಿಯುತ್ತದೆ. ತಿಂಗಳಿಗೆ ಬೇಕಾದಷ್ಟನ್ನು ಬೇರೆ ಡಬ್ಬಿಗೆ ತೆಗೆದಿಡಿ. ಒಣಗಿದ ಬೇವಿನೆಲೆ ಹಾಕಿ, ಹಸಿ ಎಲೆ ಬೇಡ, ಅದರ ತೇವವೇ ತೊಂದರೆ. ತೊಗರಿ ಬೇಳೆಗೆ, ಗೋಧಿಗೆ ಅಂಗೈಗೆ ಔಡಲೆಣ್ಣೆ ಸವರಿಕೊಂಡು ತಿಕ್ಕುವುದು ನಮ್ಮ ಕಡೆ ಹಳೆಯ ರೂಢಿ, ಅದು ಚೆನ್ನಾಗಿಯೇ ನಡೆಯುತ್ತದೆ.

ಹಳೇ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿ ಹರಿಯುತ್ತದೆ. ಜೋಳದಲ್ಲಿ ಗೋಧಿಯಂತೆ ಅಂಟು ಇಲ್ಲ, ಕುದಿವ ಎಸರಿನಿಂದಲೇ ಅದಕ್ಕೆ ಹಿಡಿತ ಬರುವುದು. ಗಿರಣಿಗೆ ಸ್ವಲ್ಪ ಸ್ವಲ್ಪ ಕಳಿಸಿ.

ವಿಜಯಪುರದಿಂದ, ಆಸ್ಪತ್ರೆಯಲ್ಲಿ ನರ್ಸ್

ಗುಳಿಗೆ ಬೇಡ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಅದಕ್ಕೆ ಪ್ರತಿವಿಷ ಇಲ್ಲ. ಅದು ಗೋದಾಮಿನಲ್ಲಿ ತರಬೇತಿ ಪಡೆದವರು ಬಳಸುವ ವಸ್ತು, ಮನುಷ್ಯರು ಮಲಗುವ ಮನೆಗೆ ತರುವಂಥದ್ದಲ್ಲ. ಪಕ್ಕದ ಕೋಣೆಯಲ್ಲಿ ಚೀಲ ಇಟ್ಟರೂ ಅನಿಲ ಸಂದಿಯಿಂದ ಬರುತ್ತದೆ. ಈಗಾಗಲೇ ತಂದಿದ್ದರೆ ಡಬ್ಬಿ ತೆರೆಯಬೇಡಿ, ನೀರಿಗೆ ಎಸೆಯಬೇಡಿ, ಕೊಂಡ ಅಂಗಡಿಗೆ ಮರಳಿಸಿ. ಚೀಲಕ್ಕೆ ಹಾಕಿಯೇ ಆಗಿದ್ದರೆ ಮನೆಯ ಎಲ್ಲರೂ ಹೊರಗೆ ಬಂದು 112ಕ್ಕೆ ಫೋನ್ ಮಾಡಿ. ಯಾರಿಗಾದರೂ ವಾಂತಿ, ಎದೆ ಬಿಗಿತ, ತಲೆಸುತ್ತು ಇದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ, ಗುಳಿಗೆಯ ಹೆಸರು ಹೇಳಿ. ನಿಮ್ಮ ಪಕ್ಕದವರಿಗೂ ಇದನ್ನು ಓದಿ ಹೇಳಿ.

ಬೆಳಗಾವಿಯಿಂದ, ನಿವೃತ್ತ ಗಣಿತ ಶಿಕ್ಷಕಿ

ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಸಂಜೆಯ ಆ ಜಗಳ. ಲೆಕ್ಕ ಇವತ್ತಲ್ಲ ನಾಳೆ ಬರುತ್ತದೆ. ಲೆಕ್ಕ ಎಂದರೆ ಅಮ್ಮನ ಸಿಟ್ಟು ಎಂದು ಮಗಳ ಮನಸ್ಸಿನಲ್ಲಿ ಕೂತರೆ ಅದನ್ನು ಬಿಡಿಸುವುದು ಬಹಳ ಕಷ್ಟ.

ನೀವು ಕನ್ನಡ ಮೀಡಿಯಂ ಆಗಿರುವುದು ಕೊರತೆ ಅಲ್ಲವೇ ಅಲ್ಲ. ನ್ಯೂಮರೇಟರ್ ನೀವು ಕಲಿತ ಅಂಶ, ಡಿನಾಮಿನೇಟರ್ ಛೇದ, ಎಲ್‌ಸಿಎಂ ನಿಮ್ಮ ಲ.ಸಾ.ಅ. ಲೆಕ್ಕ ಅದೇ. ಶಾಲೆ ರಾಜ್ಯ ಪಠ್ಯಕ್ರಮದ್ದಾದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎರಡೂ ಮಾಧ್ಯಮದ ಪುಸ್ತಕ ಉಚಿತವಾಗಿ ಸಿಗುತ್ತದೆ. ಕನ್ನಡದ್ದನ್ನು ನೀವು ಇಳಿಸಿಕೊಳ್ಳಿ. ಮಗಳ ಪುಸ್ತಕದ ಪಕ್ಕ ಇಟ್ಟುಕೊಂಡು ನೋಡಿ, ನಿಮಗೇ ಧೈರ್ಯ ಬರುತ್ತದೆ.

ಈಗ ಲೆಕ್ಕ. 3/4 + 1/6 ಎಂದು ಇಟ್ಟುಕೊಳ್ಳೋಣ. ಐದನೇ ತರಗತಿಯ ಬಹಳ ಮಕ್ಕಳು ಇದಕ್ಕೆ 4/10 ಎಂದು ಬರೆಯುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸುತ್ತಾರೆ. ಅವರ ದೃಷ್ಟಿಯಲ್ಲಿ ಅದು ಸರಿಯಾಗಿಯೇ ಕಾಣುತ್ತದೆ. ಆಗ 'ತಪ್ಪು, ಅಳಿಸು' ಎನ್ನಬೇಡಿ. ಮುಕ್ಕಾಲು ರೊಟ್ಟಿ ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ ಎಂದು ಕೇಳಿ. ಜಾಸ್ತಿ ಎನ್ನುತ್ತಾಳೆ. ಅದಕ್ಕೆ ಇನ್ನೊಂದು ಚೂರು ಸೇರಿಸಿದರೆ? ಇನ್ನೂ ಜಾಸ್ತಿ. ಹಾಗಾದರೆ ನಿನ್ನ 4/10 ನೋಡು, ಹತ್ತರ ಅರ್ಧ ಐದು, ನಿನ್ನದು ನಾಲ್ಕೇ. ಅರ್ಧಕ್ಕಿಂತ ಕಡಿಮೆ ಬಂತು. ಕೂಡಿಸಿದ ಮೇಲೆ ಕಡಿಮೆ ಹೇಗೆ ಆಯಿತು? ಇಲ್ಲಿಗೆ ನಿಲ್ಲಿಸಿ, ಸುಮ್ಮನೆ ಕೂರಿ. ತಪ್ಪನ್ನು ಅವಳೇ ಹಿಡಿಯುತ್ತಾಳೆ. ತಾನೇ ಹಿಡಿದ ತಪ್ಪನ್ನು ಮಕ್ಕಳು ಸುಲಭಕ್ಕೆ ಮತ್ತೆ ಮಾಡುವುದಿಲ್ಲ.

ಆಮೇಲೆ ಹಳೆಯ ಪೇಪರಿನ ಉದ್ದ ಪಟ್ಟಿ ಕತ್ತರಿಸಿ. ಮೂರು ಸಮ ಭಾಗ ಮಡಚಿ, ಅದನ್ನು ಅರ್ಧ, ಮತ್ತೆ ಅರ್ಧ. ಬಿಚ್ಚಿದರೆ 12 ಮನೆ. ಮುಕ್ಕಾಲು ಎಂದರೆ 9 ಮನೆ, ಆರರಲ್ಲಿ ಒಂದು ಎಂದರೆ 2 ಮನೆ. ಬಣ್ಣ ತುಂಬಿದರೆ 11 ಮನೆ. ಉತ್ತರ 11/12. ಲ.ಸಾ.ಅ. ಯಾಕೆ ಬೇಕು ಎಂಬುದು ಆಗ ಕಣ್ಣಿಗೇ ಕಾಣುತ್ತದೆ. ಎರಡೂ ಭಿನ್ನರಾಶಿಗೆ ಒಂದೇ ಅಳತೆಯ ಮನೆ ಬೇಕು, ಅಷ್ಟೇ. ಇದನ್ನು ನೋಡದ ಮಗುವಿಗೆ ಲ.ಸಾ.ಅ. ಬರೀ ಬಾಯಿಪಾಠ.

ಮಾತಿನ ಲೆಕ್ಕಗಳಲ್ಲಿ ಮಕ್ಕಳು ಓದುವ ಮುಂಚೆಯೇ 'ಕೂಡಿಸಬೇಕೋ ಕಳೆಯಬೇಕೋ' ಎಂದು ಕೇಳುತ್ತಾರೆ. ಉತ್ತರ ಕೊಡಬೇಡಿ. ಪೆನ್ಸಿಲ್ ಕೆಳಗಿಡಿಸಿ, ಆ ಲೆಕ್ಕದಲ್ಲಿ ಏನು ನಡೆಯಿತು ಎಂದು ಕನ್ನಡದಲ್ಲಿ ಕತೆಯ ಹಾಗೆ ಹೇಳಿಸಿ. ಕತೆ ಸರಿ ಬಂದರೆ ಅರ್ಧ ಲೆಕ್ಕ ಮುಗಿಯಿತು.

ಕೇಳಿದವರು: ಬಾಗಲಕೋಟೆ ನವನಗರ

ಅಕ್ಕಾರೇ, ಪಟ್ಟಿ ಮಡಚಿ ತೋರಿಸಿದೆ, ಅವಳಿಗೆ ಖುಷಿ ಆಯಿತು. ಗುಳಿಗೆ ತಂದಿಲ್ಲ, ತರುವುದೂ ಇಲ್ಲ. ಇನ್ನೊಂದು ಕೇಳಲೇ? ಫೋಟೊ ತೆಗೆದರೆ ಉತ್ತರ ಕೊಡುವ ಆ್ಯಪ್ ಇದೆಯಂತೆ. ನಾದಿನಿಯ ಮಗ ಅದರಲ್ಲೇ ಮಾಡುತ್ತಾನೆ. ಅದು ಸರಿಯೇ? ಮತ್ತೆ ಮಗುವನ್ನು ಎಷ್ಟು ಹೊತ್ತು ಕೂರಿಸಬೇಕು?

ಬೆಳಗಾವಿಯಿಂದ, ನಿವೃತ್ತ ಗಣಿತ ಶಿಕ್ಷಕಿ

ಆ್ಯಪ್ ಆಗಲಿ, ನಮ್ಮಂಥ ಅಪರಿಚಿತರಾಗಲಿ, ಉತ್ತರ ಕೇಳಿದರೆ ಉತ್ತರ ಬರುತ್ತದೆ. ಎಲ್ಲಿ ತಪ್ಪಿದೆ ಎಂದು ಕೇಳಿದರೆ ಕಲಿಕೆ ಬರುತ್ತದೆ. ಅದಕ್ಕೆ ಬರೀ ಪ್ರಶ್ನೆ ಕಳಿಸಬೇಡಿ. ಮಗಳು ತಾನಾಗಿ ಮಾಡಿದ ಸಾಲುಗಳನ್ನೂ ಕಳಿಸಿ, 'ಈ ಸಾಲಿನ ತನಕ ಬಂದಿದ್ದಾಳೆ, ಮುಂದೆ ಗೊತ್ತಾಗುತ್ತಿಲ್ಲ' ಎಂದು ಬರೆಯಿರಿ. ಬಂದ ಉತ್ತರವನ್ನು ಅವಳು ಪುಸ್ತಕ ಮುಚ್ಚಿ ನಿಮಗೆ ಬಾಯಲ್ಲಿ ಹೇಳಬೇಕು. ಹೇಳಲು ಬಂದರೆ ಬರೆಯಲಿ. ಆ್ಯಪ್ ಕೊಟ್ಟ ಉತ್ತರವೂ ತಪ್ಪಿರಬಹುದು, ಪಟ್ಟಿಯಲ್ಲಿ ಎಣಿಸಿ ತಾಳೆ ನೋಡಿ.

ಫೋಟೊ ಕಳಿಸುವಾಗ ಪುಟದ ಮೇಲಿನ ಹೆಸರು, ಶಾಲೆಯ ಹೆಸರು, ಕ್ರಮಸಂಖ್ಯೆ ಕೈಯಿಂದ ಮುಚ್ಚಿ. ಅಪರಿಚಿತರಿಗೆ ಲೆಕ್ಕ ಕಂಡರೆ ಸಾಕು, ಮಗು ಯಾರೆಂದು ತಿಳಿಯಬೇಕಾಗಿಲ್ಲ.

ಮುಧೋಳದಿಂದ, ಎರಡು ಮಕ್ಕಳ ತಂದೆ

ಹೊತ್ತಿನ ಬಗ್ಗೆ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ ಹೇಳುವುದು ಹೀಗಿದೆ: ಎರಡನೇ ತರಗತಿಯ ತನಕ ಹೋಂವರ್ಕ್ ಇಲ್ಲ. ಮೂರರಿಂದ ಐದಕ್ಕೆ ವಾರಕ್ಕೆ ಹೆಚ್ಚೆಂದರೆ 2 ತಾಸು. ಆರರಿಂದ ಎಂಟಕ್ಕೆ ದಿನಕ್ಕೆ 1 ತಾಸು. ಓದಿ ನೋಡಿ, ನಿಮ್ಮ ಮಗಳಿಗೆ ವಾರಕ್ಕೆ ಎರಡು ತಾಸು! ನಮ್ಮ ಮಕ್ಕಳು ಒಂದೇ ಸಂಜೆಗೆ ಅಷ್ಟು ಕೂರುತ್ತಿದ್ದಾರೆ.

ಇದನ್ನು ಹಿಡಿದುಕೊಂಡು ಶಾಲೆಗೆ ಜಗಳಕ್ಕೆ ಹೋಗಿ ಎನ್ನುತ್ತಿಲ್ಲ. ನಮ್ಮ ಮನೆಯಲ್ಲಿ ಮಾಡಿದ್ದು ಹೇಳುತ್ತೇನೆ. ಊಟದ ಮುಂಚೆ ಅರ್ಧ ತಾಸು. ಆಗದಿದ್ದರೆ ನಿಲ್ಲಿಸುತ್ತೇವೆ. ಡೈರಿಯಲ್ಲಿ 'ಮೂರನೇ ಲೆಕ್ಕದ ತನಕ ತಾನೇ ಮಾಡಿದ್ದಾನೆ, ನಾಲ್ಕನೆಯದು ತಿಳಿದಿಲ್ಲ, ದಯವಿಟ್ಟು ತಿಳಿಸಿ' ಎಂದು ಬರೆದು ಸಹಿ ಹಾಕುತ್ತೇನೆ. ಟೀಚರ್ ಬೈಯುತ್ತಾರೆ ಎಂದು ಮಗ ಹೆದರಿದ್ದ. ಬೈಯಲಿಲ್ಲ. ಅದೇ ಲೆಕ್ಕ ಬಹಳ ಮಕ್ಕಳಿಗೆ ಬಂದಿರಲಿಲ್ಲವಂತೆ, ತರಗತಿಯಲ್ಲಿ ಮತ್ತೆ ಕಲಿಸಿದರು. ಎಲ್ಲ ಮನೆಗಳಲ್ಲೂ ಅಪ್ಪ ಅಮ್ಮನೇ ಮಾಡಿಕೊಟ್ಟರೆ ಮಕ್ಕಳಿಗೆ ಬಂದಿಲ್ಲ ಎಂದು ಟೀಚರಿಗೆ ತಿಳಿಯುವುದು ಹೇಗೆ, ಅಲ್ವಾ?

ಬಾಗಲಕೋಟೆ, ಹಳೇ ಊರಿನವರು

'ನಮ್ಮ ಊರು' ಪ್ರಾಜೆಕ್ಟ್ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಅಂಗಡಿಗೆ ಹೋದರೆ ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಚಿತ್ರ ಇರುವ ಚಾರ್ಟ್ ಸಿಗುತ್ತದೆ. ಅಂಟಿಸಿ ಕೊಡಬಹುದು. ಇಡೀ ತರಗತಿ ಅದನ್ನೇ ಕೊಡುತ್ತದೆ.

ನಿಮ್ಮ ಮನೆ ನವನಗರದಲ್ಲಿ ಇದೆ. ಆ ಊರು ಯಾಕೆ ಹುಟ್ಟಿತು ಎಂಬುದೇ ದೊಡ್ಡ ಪ್ರಾಜೆಕ್ಟ್. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದು ಹಳೇ ಬಾಗಲಕೋಟೆಯ ಒಂದು ಭಾಗ ಮುಳುಗಿತು. ಮನೆ ಕಳೆದುಕೊಂಡವರಿಗಾಗಿ ಸೆಕ್ಟರ್ ಸೆಕ್ಟರ್ ಎಂದು ಗೆರೆ ಎಳೆದು ನವನಗರ ಕಟ್ಟಿದರು. ಬಾಗಲಕೋಟೆ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ನಿಮ್ಮ ಅತ್ತೆ ಹಳೇ ಊರಿನವರಾಗಿದ್ದರೆ ಮಗಳನ್ನು ಅವರ ಮುಂದೆ ಕೂರಿಸಿ. ಪುಸ್ತಕದಲ್ಲಿ ಇಲ್ಲದ್ದು ಅವರ ಹತ್ತಿರ ಇದೆ.

ಕೇಳಬೇಕಾದ್ದು ದೊಡ್ಡದಲ್ಲ. ಮುಳುಗಡೆ ಆಗುತ್ತದೆ ಎಂದು ಮೊದಲು ಯಾರು ಹೇಳಿದರು? ಮನೆ ಬಿಡುವಾಗ ಏನೇನು ಕಿತ್ತು ತಂದಿರಿ, ಬಾಗಿಲು, ತೊಲೆ, ಫರ್ಸಿ? ಸಂತೆ ಎಲ್ಲಿ ಕೂಡುತ್ತಿತ್ತು? ನೀರು ಎಲ್ಲಿಂದ ತರುತ್ತಿದ್ದಿರಿ? ಹೊಸ ಮನೆಯ ಪಕ್ಕ ಹಳೇ ನೆರೆಯವರೇ ಬಂದರೋ, ಬೇರೆಯವರೋ? ನಮ್ಮ ಮನೆಯಲ್ಲಿ ಮೊಮ್ಮಗ ಹೀಗೆ ಕೇಳಿದಾಗ ನಮ್ಮ ತಾಯಿ ನನಗೂ ಹೇಳದ ಮಾತುಗಳನ್ನು ಅವನಿಗೆ ಹೇಳಿದರು. ಹಳೇ ಓಣಿಯ ನಕ್ಷೆಯನ್ನು ಅವರೇ ಬೆರಳಿನಿಂದ ತೋರಿಸಿದರು, ಅವನು ಬರೆದುಕೊಂಡ.

ಆ ನಕ್ಷೆಯನ್ನು ಚಾರ್ಟಿನ ಎಡಕ್ಕೆ ಬರೆಸಿ, ಬಲಕ್ಕೆ ನಿಮ್ಮ ಸೆಕ್ಟರಿನ ನಕ್ಷೆ. ನಡುವೆ ಅಜ್ಜಿ ಹೇಳಿದ ನಾಲ್ಕು ಮಾತು, ಅವರು ಆಡಿದ ಹಾಗೆಯೇ. ಇಂಗ್ಲಿಷಿನಲ್ಲಿ ಬೇಕು ಎಂದರೆ ಕೆಳಗೆ ಎರಡು ಸಾಲು ಸೇರಿಸಬಹುದು. ಬರೆಯುವುದು ಪೂರ್ತಿ ಮಗಳೇ. ಗೆರೆ ಸೊಟ್ಟ ಆದರೂ ನೀವು ತಿದ್ದಲು ಹೋಗಬೇಡಿ ತಂಗಿ.